ಆರನೇ ದಿನದ ವೈದ್ಯ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಪುಣ್ಯಾತ್ಮರೊಬ್ಬರು ನನ್ನ ಕತ್ತಿನ ಮೇಲೆ ಒಂದು ಸಲ ಸೀನಿದರು. ಸಾಲಿಗೆ ಸಾಲೇ ಗಾಬರಿಯಾಯಿತು. ಕತ್ತಿನ ಗತಿ ಏನಾಯಿತೋ ಎಂದಲ್ಲ. ದೇವಿಯ ದರ್ಶನಕ್ಕೆ ಮುಂಚೆ ಒಂಟಿ ಸೀನಾಯಿತಲ್ಲ ಎಂದು. "ಇನ್ನೊಂದು ಸೀನಿಬಿಡಿ ಸ್ವಾಮಿ, ಒಂಟಿ ಬೇಡ" ಎಂದು ಹಿಂದಿನಿಂದ ಹೆಂಗಸೊಬ್ಬರು ಕೇಳಿಕೊಂಡರು. ಅವರು ಟವೆಲಿನ ತುದಿಯನ್ನು ಹೊಸೆದು ಮೂಗಿಗೆ ತೂರಿಸಿ, ಕಷ್ಟಪಟ್ಟು ಇನ್ನೊಂದು ಸೀನನ್ನು ದಯಪಾಲಿಸಿದರು. ಅದೂ ನನ್ನ ಕತ್ತಿಗೇ. ಅಪಶಕುನ ಕಳೆಯಿತು, ಎಲ್ಲರೂ ನೆಮ್ಮದಿಯಾಗಿ ಮುಂದೆ ಸರಿದರು. ನಮ್ಮಲ್ಲಿ ಎಷ್ಟು ಸಲ ಸೀನಿದ ಎಂಬುದಕ್ಕೆ ಶಾಸ್ತ್ರವಿದೆ, ಎಲ್ಲಿಗೆ ಸೀನಿದ ಎಂಬುದಕ್ಕಿಲ್ಲ.

ಭಾನುವಾರ ಬೆಳಗ್ಗೆ ನನ್ನ ಮೂಗು ಸೋರತೊಡಗಿತು.

ತಕ್ಷಣ ಅಪರಾಧಿಯ ಪತ್ತೆ ಶುರುವಾಯಿತು. "ತಲೆಗೆ ಸ್ನಾನ ಮಾಡಿ ಸರಿಯಾಗಿ ಒರೆಸ್ಕೊಳ್ದೆ ಬೆಟ್ಟದ ಗಾಳಿಗೆ ಹೋದ್ರಲ್ಲ, ಅದಕ್ಕೇ" ಎಂದಳು ಹೆಂಡತಿ. "ರಾತ್ರಿ ಹೊತ್ತು ಮೊಸ್ರು ಉಂಡಿರ್ತೀಯ ಕಣ್ಲಾ" ಎಂದು ಪಾಂಡವಪುರದ ಕಡೆಯ ನಮ್ಮೂರಿನಿಂದ ಅವ್ವ ಫೋನಿನಲ್ಲೇ ತೀರ್ಪು ಕೊಟ್ಟಿತು. ಪಕ್ಕದ ಮನೆಯ ಮೇಷ್ಟ್ರು ಸೀಬೆಹಣ್ಣಿನ ಮೇಲೆ ಆರೋಪ ಹೊರಿಸಿದರು. ಸಾಲಿನಲ್ಲಿ ಸೀನಿದ ಮಹನೀಯರ ಹೆಸರನ್ನು ಯಾರೂ ಎತ್ತಲಿಲ್ಲ. ನೆಗಡಿ ತರುವ ವೈರಸ್ಸುಗಳು 200ಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ ದೊಡ್ಡ ಕುಟುಂಬ ರೈನೋವೈರಸ್ಸಿನದು, ರೈನೋ ಎಂದರೆ ಗ್ರೀಕಿನಲ್ಲಿ ಮೂಗು. ಮೈಯೊಳಗಿನ ಬಿಸಿಗಿಂತ ನಾಲ್ಕು ಡಿಗ್ರಿ ತಣ್ಣಗಿರುವ ಮೂಗಿನ ಹೊಳ್ಳೆಯೇ ಅವಕ್ಕೆ ಸುಖ. ಮೊಸರಿನಲ್ಲೂ ಸೀಬೆಹಣ್ಣಿನಲ್ಲೂ ಅವು ಸಂಸಾರ ಹೂಡುವುದಿಲ್ಲ, ಹೂಡುವುದು ಪಕ್ಕದವರ ಮೂಗಿನಲ್ಲಿ. ಆದರೆ ಪಕ್ಕದವರ ಮೂಗನ್ನು ಬೈಯುವುದು ಮರ್ಯಾದಸ್ಥರ ಲಕ್ಷಣವಲ್ಲ. ಸೀಬೆಹಣ್ಣನ್ನು ಬೈದರೆ ಕೇಳುವವರಿಲ್ಲ.

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂದರು ಹಿರಿಯರು. ಪ್ರಾಸಕ್ಕಾಗಿ ಜೋಡಿಸಿದ್ದು ಎಂದುಕೊಂಡಿದ್ದೆ, ಅಲ್ಲ. ಎರಡನ್ನೂ ಮುಚ್ಚಿಡಲಾಗುವುದಿಲ್ಲ, ಕಂಡವರೆಲ್ಲ ನಿಲ್ಲಿಸಿ ಎಲ್ಲಿ ಮಾಡಿಸಿದ್ದು ಎಂದು ಕೇಳುತ್ತಾರೆ.

ಸೋಮವಾರ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನನ್ನನ್ನು ಹೀಗೆಯೇ ನಿಲ್ಲಿಸಿದರು. ಅಲ್ಲಿನ ಒಂದು ಕಲ್ಲುಬೆಂಚಿನ ಮೇಲೆ ನಿವೃತ್ತರ ವೈದ್ಯಕೀಯ ಪರಿಷತ್ತು ದಿನವೂ ಅಧಿವೇಶನ ನಡೆಸುತ್ತದೆ. ಬ್ಯಾಂಕಿನವರು, ವಿದ್ಯುತ್ ಇಲಾಖೆಯವರು, ರೈಲ್ವೆ ವರ್ಕ್‌ಶಾಪಿನವರು ಎಲ್ಲರೂ ಇದ್ದಾರೆ. ವೈದ್ಯರು ಮಾತ್ರ ಇಲ್ಲ. ಹಿಂದೆ ಒಬ್ಬರು ನಿಜವಾದ ಡಾಕ್ಟರು ಬಂದು ಕೂರುತ್ತಿದ್ದರಂತೆ. ಯಾರದೋ ನೆಗಡಿಗೆ "ರೆಸ್ಟ್ ತಗೊಳ್ಳಿ, ನೀರು ಚೆನ್ನಾಗಿ ಕುಡೀರಿ, ವಾರದಲ್ಲಿ ಹೋಗುತ್ತೆ" ಎಂದುಬಿಟ್ಟರು. ಅವರ ಡಿಗ್ರಿಯ ಮೇಲೇ ಎಲ್ಲರಿಗೂ ಅನುಮಾನ ಬಂದು, ಈಗ ಅವರು ಬೇರೆ ಬೆಂಚಿನಲ್ಲಿ ಒಬ್ಬರೇ ಕೂರುತ್ತಾರೆ.

ಬ್ಯಾಂಕಿನವರು ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ಜೇನಿನಲ್ಲಿ ಕೊಡಬೇಕೆಂದರು. ದೊಡ್ಡಪತ್ರೆ ಮಕ್ಕಳಿಗೆ, ಗಂಡಸಿಗೆ ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆಸಬೇಕೆಂದರು ರೈಲ್ವೆಯವರು. ರೈಲ್ವೆಗೂ ಹೊಗೆಗೂ ಹಳೆಯ ನಂಟು. ಮೂರನೆಯವರು ವೀಳ್ಯದೆಲೆಗೆ ಹರಳೆಣ್ಣೆ ಸವರಿ ಕಾಯಿಸಿ ಎದೆಗಿಡಲು ಹೇಳಿ, "ಮೈಸೂರು ಚಿಗುರೆಲೆಯೇ ಆಗ್ಬೇಕು, ಅದಕ್ಕೆ ಜಿ.ಐ. ಟ್ಯಾಗ್ ಇದೆ" ಎಂದರು. ಟ್ಯಾಗು ಇರುವುದು ಎಲೆ ಬೆಳೆಯುವ ನೆಲಕ್ಕೆ, ಎದೆಯ ಕಫಕ್ಕಲ್ಲ ಎನ್ನಲು ಬಾಯಿ ತೆರೆದೆ, ಸೀನು ಬಂತು. ಎಲ್ಲರೂ ಇನ್ನೊಂದಕ್ಕಾಗಿ ಕಾದರು. ಕೊನೆಗೆ ವಿದ್ಯುತ್ ಇಲಾಖೆಯವರು ನನ್ನನ್ನು ಪಕ್ಕಕ್ಕೆ ಕರೆದು, ರಮ್ಮಿಗೆ ಕರಿಮೆಣಸಿನ ಪುಡಿ ಹಾಕುವ ವಿಧಾನವನ್ನು ತಗ್ಗಿದ ದನಿಯಲ್ಲಿ ಬೋಧಿಸಿದರು. ಆ ಮನುಷ್ಯ ವರ್ಷಕ್ಕೆ ಹನ್ನೆರಡು ತಿಂಗಳೂ ನೆಗಡಿಯನ್ನು ತಡೆಗಟ್ಟುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

ಮನೆಯಲ್ಲಿ ಆಗಲೇ ಕಷಾಯ ಕುದಿಯುತ್ತಿತ್ತು. ಮೆಣಸು, ಜೀರಿಗೆ, ಶುಂಠಿ, ಹಿಪ್ಪಲಿ, ತುಳಸಿ, ಅಮೃತಬಳ್ಳಿ, ಮತ್ತೆ ಇನ್ನೂ ಮೆಣಸು. ಮಂಗಳವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು. "ಉಷ್ಣ ಆಗಿದೆ" ಎಂದು ಎಳನೀರು ಬಂತು, ಕಾಮಕಸ್ತೂರಿ ಬೀಜ ನೆನೆಸಿಟ್ಟರು, ಮಜ್ಜಿಗೆ ಕಡೆದರು. ಕುಡಿದು ಒಂದು ಗಂಟೆಗೆ ನಾನು ಎರಡು ಸಲ ಸೀನಿದೆ. "ನೋಡಿದ್ರಾ, ಶೀತ ಆಯ್ತು" ಎಂದು ಮತ್ತೆ ಒಲೆಯ ಮೇಲೆ ಕಷಾಯ. ಹೀಗೆ ನಾನು ಉಷ್ಣಕ್ಕೂ ಶೀತಕ್ಕೂ ನಡುವೆ ಮೈಸೂರು–ಮಂಡ್ಯ ಶಟಲ್ ಬಸ್ಸಿನಂತೆ ಓಡಾಡಿದೆ. ಈ ಶಾಸ್ತ್ರದ ಚೆಂದವೆಂದರೆ ಇದು ಸೋಲುವುದೇ ಇಲ್ಲ. ಮದ್ದು ಕೆಲಸ ಮಾಡದಿದ್ದರೆ ಪ್ರಮಾಣ ಸಾಲದು, ತೊಂದರೆ ಕೊಟ್ಟರೆ ಪ್ರಮಾಣ ಜಾಸ್ತಿ, ಎರಡೂ ಅಲ್ಲದಿದ್ದರೆ ರೋಗಿ ಕದ್ದು ಬಾಳೆಹಣ್ಣು ತಿಂದಿದ್ದಾನೆ.

ನನಗೆ ಮೆಣಸಿನ ಸಾರಿನ ಮೇಲೆ ದ್ವೇಷವಿದೆ ಎಂದು ತಿಳಿಯಬೇಡಿ. ಕಟ್ಟಿದ ಗಂಟಲಿಗೆ ಬಿಸಿ ಸಾರು ಇಳಿಯುವ ಸುಖವನ್ನು ಅನುಭವಿಸಲಿಕ್ಕಾದರೂ ವರ್ಷಕ್ಕೊಂದು ನೆಗಡಿ ಬರಬೇಕು. ಜೇನು ಕೆಮ್ಮಿಗೆ ಹಿತವೆಂದು ಡಾಕ್ಟರುಗಳೂ ಒಪ್ಪುತ್ತಾರೆ, ವರ್ಷ ತುಂಬದ ಕೂಸಿಗೆ ಮಾತ್ರ ಕೊಡಬಾರದಷ್ಟೆ. ಆದರೆ ಹಿತ ಬೇರೆ, ವಾಸಿ ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಂಪನಿಗಳು ನಮಗಿಂತ ಚೆನ್ನಾಗಿ ಓದಿಕೊಂಡಿವೆ. ಅದೇ ತುಳಸಿ, ಅದೇ ಶುಂಠಿ, ಬಾಟಲಿಗೆ ಹಾಕಿ 'ಇಮ್ಯುನಿಟಿ' ಎಂದು ಬರೆದ ಮೇಲೆ ಮದ್ದಾಗಿಬಿಡುತ್ತದೆ. ಹಿತ್ತಲಲ್ಲಿ ಗಿಡ ಒಣಗುತ್ತದೆ.

ಇಷ್ಟರ ನಡುವೆ ಕಚೇರಿಗೆ ಹೋಗಲೇಬೇಕಲ್ಲ. ಸಿಟಿ ಬಸ್ಸಿನಲ್ಲಿ ಒಂದು ಬಿಟ್ಟು ಬೇರಾವ ಕಿಟಕಿಯೂ ತೆರೆದಿರಲಿಲ್ಲ. ನನ್ನ ಸೀನು ಕೇಳಿ, ಅರ್ಧ ತೆರೆದಿದ್ದ ಆ ಒಂದನ್ನೂ ಯಾರೋ ಎಳೆದು ಮುಚ್ಚಿದರು, "ಪಾಪ, ಶೀತಗಾಳಿ ಅವರಿಗಾಗಲ್ಲ" ಎಂದು. ಈ ಊರಿನಲ್ಲಿ ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲೇ, ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಕಟ್ಟಿ, ಇಕ್ಕಟ್ಟು ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿಗೆಂದು ಬೀದಿಗಳನ್ನು ಅಗಲ ಮಾಡಿದರು. ಆ ಅಗಲ ಬೀದಿಯಲ್ಲಿ ಅರುವತ್ತು ಜನ ಕಿಟಕಿ ಮುಚ್ಚಿಕೊಂಡು ಒಬ್ಬರ ಉಸಿರನ್ನೊಬ್ಬರು ಉಸಿರಾಡುತ್ತ ಹೋದೆವು. 2016ರಲ್ಲಿ ಸ್ವಚ್ಛ ಸರ್ವೇಕ್ಷಣೆಯವರು ಮೈಸೂರಿಗೆ ದೇಶದಲ್ಲೇ ಮೊದಲ ಸ್ಥಾನ ಕೊಟ್ಟಾಗ ಬೀದಿಗಳನ್ನು ನೋಡಿದರೇ ಹೊರತು ನಮ್ಮ ಕರವಸ್ತ್ರಗಳನ್ನು ಕೇಳಲಿಲ್ಲ.

ಕಚೇರಿಯ ಬಾಗಿಲಲ್ಲಿ ಹೆಬ್ಬೆಟ್ಟು ಯಂತ್ರ. ಮೂಗು ಒರೆಸಿದ ಹೆಬ್ಬೆರಳನ್ನೇ ಒತ್ತಿದೆ. ಒದ್ದೆಯಾಗಿದ್ದುದರಿಂದ ಒಪ್ಪಲಿಲ್ಲ. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದೆ, ಮತ್ತೂ ಒತ್ತಿದೆ; ಮೂರನೇ ಸಲಕ್ಕೆ ಹೆಂಗಸಿನ ದನಿಯಲ್ಲಿ 'ಥ್ಯಾಂಕ್ ಯೂ' ಎಂದಿತು. ನನ್ನ ಹಿಂದಿದ್ದ ನಲವತ್ತು ಮಂದಿ ಒಬ್ಬೊಬ್ಬರಾಗಿ ಬಂದು ಅದೇ ಗಾಜಿನ ಮೇಲೆ ಬೆರಳಿಟ್ಟು, ಅದೇ ಬೆರಳಿನಿಂದ ಮೂಗು ತುರಿಸಿಕೊಂಡು ಒಳಗೆ ಹೋದರು. ಸಾಹೇಬರಿಂದ ಡಿ ಗ್ರೂಪ್ ನೌಕರರವರೆಗೆ ಎಲ್ಲರಿಗೂ ಸಮನಾಗಿ ಹಂಚುವ ಇನ್ನೊಂದು ಸವಲತ್ತು ನಮ್ಮ ಕಚೇರಿಯಲ್ಲಿಲ್ಲ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವೇ ತನ್ನ ನೌಕರರಿಗೆ ಇಂಥ ಹಾಜರಿಯಿಂದ ವಿನಾಯಿತಿ ಕೊಟ್ಟಿತ್ತು. ಆಗ ನಮಗೂ ಬುದ್ಧಿ ಬಂದಿತ್ತು. ಕಾಲಲ್ಲಿ ತುಳಿದರೆ ಕೈಗೆ ಸ್ಯಾನಿಟೈಸರ್ ಸುರಿಯುವ ಒಂದು ಸ್ಟ್ಯಾಂಡನ್ನೂ ತಂದರು. ಅದು ಈಗಲೂ ಯಂತ್ರದ ಪಕ್ಕದಲ್ಲೇ ಇದೆ. ಮೇಲೆ ಮನಿಪ್ಲಾಂಟಿನ ಕುಂಡ.

ರಜೆ ಕೇಳಲು ಹೋದೆ. ಸಾಹೇಬರ ಮೂಗೂ ಕಟ್ಟಿತ್ತು. "ದೆಗಡಿಗೆಲ್ಲ ರಜೆ ಕೊಟ್ರೆ ಆಫೀಸು ದಡಿಯತ್ತೇದ್ರೀ? ದಾದೇ ಬಂದಿಲ್ವಾ?" ಎಂದರು. ಬಂದದ್ದೇ ತಪ್ಪು ಎಂದು ಹೇಳುವ ಸೇವಾ ಹಿರಿತನ ನನಗಿನ್ನೂ ಬಂದಿಲ್ಲ. ವೈದ್ಯಕೀಯ ಪ್ರಮಾಣಪತ್ರ ತಂದರೆ ನೋಡೋಣ ಎಂದರು.

ಪ್ರಮಾಣಪತ್ರಕ್ಕೆ ಮಾರನೆಯ ದಿನ ಹೊರರೋಗಿ ವಿಭಾಗದಲ್ಲಿ ಎರಡು ಗಂಟೆ ನಿಂತೆ. ನೆಗಡಿಯವನು ವಿಶ್ರಾಂತಿ ಪಡೆಯಲು ಅರ್ಹನೋ ಅಲ್ಲವೋ ಎಂದು ತಿಳಿಯಲು, ಅವನನ್ನು ಎರಡು ಗಂಟೆ ಕೆಮ್ಮುವವರ ನಡುವೆ ನಿಲ್ಲಿಸಿ ನೋಡುವುದು ಒಳ್ಳೆಯ ಪರೀಕ್ಷೆಯೇ. "ಏನಂತ ಬರೀಲಿ?" ಎಂದರು ಡಾಕ್ಟರು. "ನೆಗಡಿ ಅಂತ ಮಾತ್ರ ಬೇಡಿ ಸಾರ್, ಮೇಲಿನವರು ಒಪ್ಪಲ್ಲ." ಅವರಿಗೆ ಇದು ಹೊಸದಲ್ಲ, 'ವೈರಲ್ ಜ್ವರ' ಎಂದು ಬರೆದರು. ನಮ್ಮಲ್ಲಿ ಸತ್ಯವಾದ ರೋಗಕ್ಕೆ ರಜೆಯಿಲ್ಲ, ಗೌರವಾನ್ವಿತ ರೋಗಕ್ಕುಂಟು. ನಿಜವಾದ ಫ್ಲೂ ಬಂದವನು ಪ್ರಮಾಣಪತ್ರಕ್ಕೆ ನಿಲ್ಲಲಾರ; ಅದು ಬಂದರೆ ಬಂದ ದಿನವೇ ಜ್ವರ ಏರಿ, ಮೈಕೈ ಮುರಿದು, ಮನುಷ್ಯ ಚಾಪೆ ಹಿಡಿಯುತ್ತಾನೆ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬಸುರಿಯರು ತಡಮಾಡಬಾರದು, ಅವ್ವನಿಗೆ ವರ್ಷವರ್ಷ ಫ್ಲೂ ಲಸಿಕೆ ಹಾಕಿಸಿ ಎಂದರು ಡಾಕ್ಟರು. ವರ್ಷವರ್ಷ ಯಾಕೆಂದರೆ ಆ ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದಂತೆ. ಅದು ಬದಲಿಸಿದರೇನು, ನಮ್ಮ ಮುತ್ತಜ್ಜಿಯ ಕಷಾಯ ಬದಲಾಗುವುದಿಲ್ಲ.

ಬರುವಾಗ ಬೀದಿ ತುದಿಯ ಔಷಧಿ ಅಂಗಡಿಗೆ ಹೋದೆ, ಜ್ವರ ಬಂದರೆ ಇರಲಿ ಎಂದು ಪ್ಯಾರಾಸಿಟಮಾಲ್ ಕೇಳಲು. ಹುಡುಗ ನನ್ನ ಮೂಗನ್ನೊಮ್ಮೆ ನೋಡಿದ. "ಅದ್ರಲ್ಲಿ ಏನೂ ಆಗಲ್ಲ ಸಾ. ಆ್ಯಂಟಿಬಯಾಟಿಕ್ ಮೂರು ದಿನದ ಕೋರ್ಸ್ ಕೊಡ್ಲಾ, ಐದು ದಿನದ್ದು ಕೊಡ್ಲಾ?" ಹಾಫ್ ಬಿರಿಯಾನಿಯೋ ಫುಲ್ಲೋ ಎಂದು ಕೇಳಿದಂತಿತ್ತು. ಚೀಟಿ ಇಲ್ಲವಲ್ಲ ಎಂದೆ. ಚೀಟಿ ಯಾರು ಕೇಳಿದರು ಎಂಬಂತೆ ನಕ್ಕ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ಇದನ್ನು ನುಂಗಬೇಡಿ ಎಂದು ಜನರಿಗೆ ತಿಳಿಸಲು 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಗೆರೆಯ ಬಗ್ಗೆ ಪ್ರಚಾರವನ್ನೇ ಮಾಡಿತ್ತು. "ಈ ಗೆರೆ ಏನಪ್ಪಾ?" ಎಂದೆ. "ಸ್ಟ್ರಾಂಗ್ ಐತೆ ಅಂತ ಸಾ."

ಪಕ್ಕದಲ್ಲಿದ್ದ ಗಿರಾಕಿ ಆಸೆಯಿಂದ ಬಗ್ಗಿ ನೋಡಿ, "ನಂಗೂ ಅದೇ ಎರಡು ಕೊಡು. ಮೂರು ಬೇಡ, ವಾಸಿಯಾದ್ರೆ ಒಂದು ವೇಸ್ಟು" ಎಂದ. ಆ ಮಾತ್ರೆ ಬ್ಯಾಕ್ಟೀರಿಯಾಗಳಿಗೇ ಹೊರತು ವೈರಸ್ಸಿಗಲ್ಲ. ನೆಗಡಿಗೆ ನುಂಗಿದರೆ ವೈರಸ್ಸಿನ ಕೂದಲೂ ಕೊಂಕುವುದಿಲ್ಲ; ಹೊಟ್ಟೆಯಲ್ಲಿ ತಮ್ಮ ಪಾಡಿಗೆ ತಾವಿದ್ದ ಬ್ಯಾಕ್ಟೀರಿಯಾಗಳಿಗೆ ಮಾತ್ರ ಗರಡಿಮನೆ ಸಿಕ್ಕಂತಾಗುತ್ತದೆ. ಮೂರು ದಿನ ತಾಲೀಮು ಮಾಡಿ ಉಳಿದವು ಜಟ್ಟಿಗಳಾಗಿ, ಮುಂದೊಂದು ದಿನ ನಿಜವಾದ ಸೋಂಕು ತಗುಲಿದಾಗ ಅದೇ ಮಾತ್ರೆಯನ್ನು ಮಟ್ಟಿಯಲ್ಲಿ ಚಿತ್ ಮಾಡುತ್ತವೆ. ಇಷ್ಟೆಲ್ಲ ತಿಳಿದವನು ಕೊಂಡೆಯೋ ಎಂದರೆ, ಕೊಂಡೆ. ಹಿಂದೆ ಜನ ಕಾಯುತ್ತಿದ್ದರು, ದಾಕ್ಷಿಣ್ಯ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದೆ, ಅಲ್ಲೇ ಇತ್ತು.

ಶುಕ್ರವಾರ ಸಂಜೆ ಅವ್ವ ಬಂದಿಳಿಯಿತು, ಕೈಯಲ್ಲೊಂದು ಮುಚ್ಚಿದ ಬಕೀಟು. ನಾಲೆ ಬಯಲಿನ ಗದ್ದೆಯ ಏಡಿ, ಜೀವಂತ. ಸೋಮವಾರವೇ ಹೊರಡಬೇಕೆಂದಿತ್ತಂತೆ, ನಾಟಿ ಕೆಲಸಕ್ಕೆ ಆಳು ಸಿಕ್ಕು ತಡವಾಯಿತು. "ಸೊಪ್ಪಿನ್ ನೀರ್ ಕುಡುದ್ರೆ ನೆಗಡಿ ಓದದೇನ್ಲಾ ಮಗ? ಏಡಿ ಸಾರು ಉಣ್ಣು, ಮೂಗ್ನಲ್ಲಿರೋದೆಲ್ಲ ಇಳ್ದೋಯ್ತದೆ" ಎಂದು ಸೆರಗು ಕಟ್ಟಿ ಅಡುಗೆಮನೆಗೆ ನುಗ್ಗಿತು. ಕುಟ್ಟಿ ಸೋಸಿದ ರಸ, ಹುರಿದ ಮಸಾಲೆ, ಬಿಸಿ ಮುದ್ದೆ. ಕಣ್ಣಲ್ಲಿ ಮೂಗಲ್ಲಿ ನೀರು ಕಿತ್ತುಕೊಂಡು ಬಂತು. ಶನಿವಾರ ಮೂಗು ಅರ್ಧ ಬಿಟ್ಟಿತು. ಭಾನುವಾರ ಎದ್ದರೆ ನೆಗಡಿ ಇಲ್ಲ.

ಊರಿಗೆಲ್ಲ ಗೊತ್ತಾಯಿತು. ಯಾವುದೋ ಸೇತುವೆ ಮುಗಿದರೆ ಐದು ಪಕ್ಷದವರು ಬಂದು ಟೇಪು ಕತ್ತರಿಸುವಂತೆ ಎಲ್ಲರೂ ಬಂದರು. ಚಿಗುರೆಲೆಯವರು ಎಲೆ ನಿಧಾನಕ್ಕೆ ಕೆಲಸ ಮಾಡುತ್ತದೆ ಎಂದರು. ಔಷಧಿ ಅಂಗಡಿಯ ಹುಡುಗ, "ನಾನ್ ಹೇಳಿರ್ಲಿಲ್ವಾ ಸಾ, ಮೂರೇ ದಿನ" ಎಂದ. ಅವನ ಮಾತ್ರೆಗಳು ಆಗಲೂ ನನ್ನ ಜೇಬಿನಲ್ಲಿದ್ದವು. ಆದರೆ ಸನ್ಮಾನವೆಲ್ಲ ಏಡಿಗೆ ಹೋಯಿತು. ಉಂಡ ಎರಡೇ ದಿನಕ್ಕೆ ಗುಣವಾದದ್ದನ್ನು ಓಣಿಯೇ ಕಂಡಿತ್ತು. ಮದ್ದು ತಿಂದರೆ ಏಳು ದಿನ, ತಿನ್ನದಿದ್ದರೆ ಒಂದು ವಾರ ಇರುವ ಕಾಯಿಲೆಗೆ ಏಡಿ ಬಂದದ್ದು ಆರನೇ ದಿನ. ಅದೇ ಏಡಿ ಸೋಮವಾರ ಬಂದಿದ್ದರೆ ಕಷಾಯದ ಗತಿಯೇ ಅದಕ್ಕೂ ಆಗುತ್ತಿತ್ತು; ನಾಟಿಯ ಆಳು ಅದರ ಮಾನ ಉಳಿಸಿದ.

"ಆರು ದಿನ ಒಲೆ ಮುಂದೆ ನಿಂತು ಕುದಿಸಿದ್ದು ನಾನು, ಹೆಸರು ಏಡಿಗೆ" ಎಂದು ಹೆಂಡತಿ ಭಾನುವಾರವೆಲ್ಲ ನನ್ನೊಡನೆ ಮಾತು ಬಿಟ್ಟಿದ್ದಳು. ಸೋಮವಾರ ಬೆಳಗ್ಗೆ, ನಾನು 'ಆರೋಗ್ಯವಾಗಿದ್ದಾನೆ' ಎಂಬ ಇನ್ನೊಂದು ಪ್ರಮಾಣಪತ್ರಕ್ಕಾಗಿ ಮತ್ತೆ ಅದೇ ಸಾಲಿಗೆ ಹೊರಟಿದ್ದೆ. ಒಳಗಿನಿಂದ ಒಂದು ಸೀನು ಕೇಳಿಸಿತು. ಬಾಗಿಲಲ್ಲೇ ನಿಂತೆ. ಇನ್ನೊಂದೂ ಬಂತು.

ಭಾನುವಾರ ಸಂಜೆಯೇ ಊರು ಸೇರಿದ್ದ ಅವ್ವನಿಗೆ ಹೇಗೆ ಸುದ್ದಿ ಮುಟ್ಟಿತೋ, ಮಧ್ಯಾಹ್ನಕ್ಕೆ ಫೋನು. "ಸೊಸೆಗೂ ಅಂಟ್ಕತಂತೆ ಕಲಾ. ಬದಿನ್ ಮ್ಯಾಲೆ ದಪ್ ದಪ್ಪನವು ಸಿಕ್ಕವೆ, ಈಗ್ಲೇ ಬಸ್ ಹತ್ಲಾ?"

"ಈಗ ಬೇಡವ್ವಾ," ಎಂದೆ, "ಶನಿವಾರ ತಗೊಂಡ್ ಬಾ."