‘ಕ್ಯಾನ್ಸರ್ ತಪಾಸಣೆ ಬೇಡ’ ಎನ್ನುವ ಸಂದೇಶದ ಬಗ್ಗೆ ಸ್ಪಷ್ಟನೆ

ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಕ್ಯಾನ್ಸರ್ ತಪಾಸಣೆ ಸುಮ್ನೆ ಎಂದು ಡೆನ್ಮಾರ್ಕಿನ ವೈದ್ಯರೇ ಹೇಳಿದ್ದಾರೆ, ಶಿಬಿರಕ್ಕೆ ಹೋಗಬೇಡಿ.’ ಇದು ಅರ್ಧ ಸತ್ಯ. ಅಪಾಯದ ಅರ್ಧ.

ಆ ವೈದ್ಯರು ಪೀಟರ್ ಗೋಟ್ಷೆ. ಅವರ ಆಕ್ಷೇಪ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ ತಪಾಸಣೆಯ ಬಗ್ಗೆ. 2013ರ ಕಾಕ್ರೇನ್ ವಿಮರ್ಶೆಯಲ್ಲಿ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿಯಲ್ಲಿ, ಅವರ ಲೆಕ್ಕ ಹೀಗಿದೆ: 2000 ಹೆಂಗಸರನ್ನು 10 ವರ್ಷ ತಪಾಸಣೆಗೆ ಕರೆದರೆ ಒಬ್ಬರು ಸ್ತನ ಕ್ಯಾನ್ಸರ್ ಸಾವಿನಿಂದ ಪಾರಾಗುತ್ತಾರೆ. ಆರೋಗ್ಯವಾಗಿದ್ದ 10 ಮಂದಿಗೆ ಬೇಡದ ಚಿಕಿತ್ಸೆ ಆಗುತ್ತದೆ. 200ಕ್ಕೂ ಜಾಸ್ತಿ ಜನ ಕ್ಯಾನ್ಸರ್ ಇಲ್ಲದಿದ್ದರೂ ಇರಬಹುದೆಂಬ ಸುಳ್ಳು ಗಾಬರಿ ಅನುಭವಿಸುತ್ತಾರೆ. ಈ ಲೆಕ್ಕ ಒಪ್ಪದ ತಜ್ಞರೂ ಇದ್ದಾರೆ. ಆದರೂ ಈ ಹಾನಿಯ ವಿಷಯ ಹೆಂಗಸರಿಗೆ ಮೊದಲೇ ತಿಳಿಸಬೇಕು ಎನ್ನುವುದು ನ್ಯಾಯವಾದ ಮಾತು.

ಆದರೆ ಇದನ್ನು ಬಾಯಿ, ಗರ್ಭಕೊರಳಿನ ಕ್ಯಾನ್ಸರಿಗೂ ಎಳೆಯುವುದು ತಪ್ಪು. ನಮ್ಮ ಕೇರಳದಲ್ಲೇ, ತಿರುವನಂತಪುರದಲ್ಲಿ, ಡಾ. ಆರ್. ಶಂಕರನಾರಾಯಣನ್ ತಂಡ ದೊಡ್ಡ ಅಧ್ಯಯನ ಮಾಡಿತು. ಆರೋಗ್ಯ ಕಾರ್ಯಕರ್ತರು ಜನರ ಬಾಯಿಯೊಳಗೆ ಕಣ್ಣಲ್ಲೇ ನೋಡಿದರು, ಅಷ್ಟೇ. 2005ರ ವರದಿಯಂತೆ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಇಳಿಯಿತು. ಎಲೆ, ಅಡಿಕೆ, ಹೊಗೆಸೊಪ್ಪು ಮನೆಮನೆಯಲ್ಲಿರುವ ನಮ್ಮೂರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ ಅವರದೇ ತಂಡ ಒಂದೇ ಸಲ ಎಚ್‌ಪಿವಿ (ಗರ್ಭಕೊರಳ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆ ಮಾಡಿದಾಗ ಗರ್ಭಕೊರಳ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿಯಿತು.

ಇನ್ನೊಂದು ಮಾತು. ಗಂಟು ಕೈಗೆ ಸಿಕ್ಕಿದರೆ, ಬಾಯಿಹುಣ್ಣು ವಾರಗಟ್ಟಲೆ ಮಾಯದಿದ್ದರೆ ಈ ಚರ್ಚೆಯೇ ಅಲ್ಲಿಗೆ ಅನ್ವಯಿಸುವುದಿಲ್ಲ. ತಪಾಸಣೆ ಲಕ್ಷಣ ಇಲ್ಲದವರಿಗೆ. ಲಕ್ಷಣ ಇರುವವರು ಕೂಡಲೇ ವೈದ್ಯರನ್ನು ಕಾಣಬೇಕು.