ಬಿಳಿ ರಾತ್ರಿ, ಹಳದಿ ಚಿತ್ರಾನ್ನ

ಮೂರು ದಿನದಿಂದ ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೊ ಓಡಾಡುತ್ತಿದೆ. ಸೋಲಾಪುರ ಹೊದಿಕೆ ಹೊದ್ದು, ಮಡಿಲಲ್ಲಿ ಸ್ಟೀಲ್ ಕ್ಯಾರಿಯರ್ ಇಟ್ಟುಕೊಂಡು, ಮುಖದ ಮೇಲೆ ನೇರಳೆ ಬೆಳಕು ಬಿದ್ದು, ಯಾರಿಗೋ ಗುದ್ದುವವಳ ಹಾಗೆ ಕೈ ಎತ್ತಿದ್ದೇನೆ. ಕೆಳಗೆ ಯಾರೋ 'ನಮ್ಮ ಹೆಮ್ಮೆ' ಅಂತ ಬರೆದಿದ್ದಾರೆ. ಹದಿನಾರು ಜನ ಚಪ್ಪಾಳೆ ಒತ್ತಿದ್ದಾರೆ. ಒಬ್ಬರಂತೂ, 'ಯಾವಾಗಿಂದ ಕಲಾವಿದೆ ಆದ್ರಿ? ಒಂದು ಮಾತೂ ಹೇಳಲಿಲ್ಲ' ಅಂತ ಮುನಿಸಿಕೊಂಡಿದ್ದಾರೆ.

ನಾನು ಕಲಾವಿದೆ ಅಲ್ಲ. ನನಗೆ ಹಸಿವಾಗಿತ್ತು, ಅಷ್ಟೆ.

ಟೊರಾಂಟೊದಲ್ಲಿ ಇರುವವರಿಗೆ ನುಯಿ ಬ್ಲಾಂಶ್ ಅಂದರೇನು ಅಂತ ಹೇಳಬೇಕಾಗಿಲ್ಲ. ಫ್ರೆಂಚಿನಲ್ಲಿ ಅಕ್ಷರಕ್ಕೆ ಅಕ್ಷರ ಬಿಳಿ ರಾತ್ರಿ. ಮಾತಿನಲ್ಲಿ ಮಾತ್ರ ನಿದ್ದೆಗೆಟ್ಟ ರಾತ್ರಿ. ಈ ಕಲಾಹಬ್ಬವನ್ನು 2002ರಲ್ಲಿ ಪ್ಯಾರಿಸ್‌ನವರು ಶುರು ಮಾಡಿದರು, 2006ರಲ್ಲಿ ನಮ್ಮೂರಿಗೂ ಬಂತು. ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಚೌಕ, ಬೀದಿ, ಸಂದಿಗೊಂದಿ ಎಲ್ಲ ಕಡೆ ಈ ಕಾಲದ ಕಲೆ. ಟಿಕೆಟ್ ಇಲ್ಲ. ಟಿಕೆಟ್ ಇಲ್ಲ ಅಂದಮೇಲೆ ನಮ್ಮ ಮನೆಯವರು ಹೋಗದೆ ಇರುತ್ತಾರಾ?

ನಾನು ಕುಂದಾಪುರದ ಕಡೆಯವಳು. ರಾತ್ರಿಯಿಡೀ ಕಲೆ ನೋಡುವುದು ನನಗೆ ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನದ ಆಟ, ಕೆಳಗೆ ಚಾಪೆ, ಚಂಡೆ ಜೋರಾದಾಗ ಬೆಚ್ಚಿ ಎಚ್ಚರ, ಆಮೇಲೆ ಮತ್ತೆ ನಿದ್ದೆ. ಮಹಿಷಾಸುರ ಬರುವ ಹೊತ್ತಿಗೆ ಅಪ್ಪ ತಟ್ಟಿ ಎಬ್ಬಿಸುತ್ತಿದ್ದರು. ಅಲ್ಲಿ ಒಂದು ಅನುಕೂಲ ಇತ್ತು. ಕಲೆ ಓಡಾಡುತ್ತಿತ್ತು, ನಾವು ಮಲಗಿರುತ್ತಿದ್ದೆವು. ಇಲ್ಲಿ ಕಲೆ ನಿಂತಿರುತ್ತೆ, ನಾವು ಓಡಾಡಬೇಕು. ಅದೂ ಅಕ್ಟೋಬರ್ ಚಳಿಯಲ್ಲಿ, ಸ್ಕಾರ್ಬರೋದಿಂದ ಬಸ್ಸು ಹಿಡಿದು ಬಂದು.

ಓಡಾಡುವುದನ್ನಾದರೂ ಸಹಿಸಬಹುದು. ಸಾಲು?

ನಮ್ಮ ಯಜಮಾನರಿಗೆ ಸಾಲು ಕಂಡರೆ ಆಗುವ ಖುಷಿ ಬೇರೆಯವರಿಗೆ ದೇವರು ಕಂಡರೂ ಆಗಲಿಕ್ಕಿಲ್ಲ. ಲಾಲ್‌ಬಾಗ್ ಹತ್ತಿರ ದೋಸೆಗೆ ಕಾದು ಬೆಳೆದ ಮನುಷ್ಯ. 'ಸಾಲು ಉದ್ದ ಇದೆ ಅಂದ್ರೆ ಒಳಗೆ ಏನೋ ಒಳ್ಳೇದಿದೆ ಅಂತ ಅರ್ಥ ಕಣೇ' ಅನ್ನುವುದು ಅವರ ಸಿದ್ಧಾಂತ. ಮೊದಲು ನಿಲ್ಲುತ್ತಾರೆ, ಆಮೇಲೆ ಮುಂದಿನವರನ್ನು 'ಇದು ಯಾತಕ್ಕೆ?' ಅಂತ ಕೇಳುತ್ತಾರೆ. ಎರಡು ವರ್ಷದ ಹಿಂದೆ ಮುಕ್ಕಾಲು ಗಂಟೆ ನಿಂತ ಮೇಲೆ ಗೊತ್ತಾಯಿತು, ಅದು ಶೌಚಾಲಯದ ಸಾಲು. 'ಹೇಗೂ ಬಂದಾಯಿತು' ಅಂತ ಒಳಗೆ ಹೋಗಿ ಬಂದರು. 2013ರಲ್ಲಿ ಸಿಟಿ ಹಾಲ್ ಮುಂದೆ ಚೀನಾದ ಕಲಾವಿದ ಐ ವೇಯ್‌ವೇಯ್ 3,144 ಸೈಕಲ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದರಲ್ಲ, ಅದನ್ನೂ ಇವರು ಪೂರ್ತಿ ನೋಡಲಿಲ್ಲ. ಬಯಲಲ್ಲೇ ಇದೆ, ಸಾಲಿಲ್ಲ, ಹಾಗಾದರೆ ಅಷ್ಟಕ್ಕಷ್ಟೆ ಇರಬೇಕು ಅಂದುಕೊಂಡರಂತೆ. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದರಿಂದ ಆ ಕಲಾವಿದನಿಗೇ ಬಂದು ನೋಡಲು ಆಗಿರಲಿಲ್ಲ. ಇವರಿಗೆ ಪಾಸ್‌ಪೋರ್ಟೂ ಇತ್ತು, ಕಣ್ಣೂ ಇತ್ತು.

ಮೊನ್ನೆ ಶನಿವಾರ ರಾತ್ರಿ ಒಂದೂಮುಕ್ಕಾಲಿಗೆ, ನಾಲ್ಕು ಸಾಲು ಮುಗಿಸಿ ನನ್ನ ಕಾಲು ಬಿದ್ದುಹೋಗಿತ್ತು. ಯಜಮಾನರು ಶೌಚಾಲಯ ಹುಡುಕಿಕೊಂಡು ಹೋದರು. ಮಗಳು 'ಅಮ್ಮ, ಪ್ಲೀಸ್, ಇಲ್ಲಿ ತಿನ್ನಬೇಡ' ಅಂತ ಇಪ್ಪತ್ತು ಅಡಿ ದೂರ ಹೋಗಿ, ನನ್ನ ಗುರುತೇ ಇಲ್ಲದವಳ ಹಾಗೆ ನಿಂತಳು. ನಾನು ಕ್ವೀನ್ ಬೀದಿಯ ಪಕ್ಕದ ಒಂದು ಗಿಡ್ಡ ಸಿಮೆಂಟ್ ಕಟ್ಟೆ ಮೇಲೆ ಕೂತು, ಹೊದಿಕೆ ಸುತ್ತಿಕೊಂಡು ಕ್ಯಾರಿಯರ್ ತೆಗೆದೆ. ಪಕ್ಕದಲ್ಲಿ ಯಾವುದೋ ಕಲಾಕೃತಿಯ ಬೆಳಕು ಗೋಡೆ ಮೇಲೆ ಬಣ್ಣ ಬದಲಿಸುತ್ತಿತ್ತು. ಅದರಲ್ಲಿ ಸ್ವಲ್ಪ ನನ್ನ ಮೇಲೂ ಬೀಳುತ್ತಿತ್ತು. ನಾನು ಗಮನಿಸಲಿಲ್ಲ. ಹಸಿದವಳಿಗೆ ಬಣ್ಣ ಯಾಕೆ?

ಕ್ಯಾರಿಯರ್‌ನ ಕೊಕ್ಕೆ ಬರಲಿಲ್ಲ.

ಅಮ್ಮ ಕೊಟ್ಟ ಕ್ಯಾರಿಯರ್ ಅದು. ಅದರ ಎಡಗಡೆ ಕೊಕ್ಕೆಗೆ ಚಳಿ ಆಗಿಬರುವುದಿಲ್ಲ. ಎಳೆದೆ. ಹಲ್ಲು ಕಚ್ಚಿ ಎಳೆದೆ. ಮನೆ ಕೀಲಿಯಿಂದ ಮೀಟಿದೆ. ಕೊನೆಗೆ ಕಟ್ಟೆಗೆ ಕುಟ್ಟಿದೆ, ಠಣ್. ಇನ್ನೊಂದು ಸಲ, ಠಣ್. ಉಸಿರು ಬಿಟ್ಟು, 'ಅಯ್ಯೋ ದೇವರೇ' ಅಂದು, ಮತ್ತೆ ಠಣ್. ತಲೆ ಎತ್ತಿದರೆ ಎದುರಿಗೆ ಆರು ಜನ ಕೈಕಟ್ಟಿ ನಿಂತಿದ್ದಾರೆ. ಗಡ್ಡದ ಹುಡುಗನೊಬ್ಬ ವಿಡಿಯೊ ಮಾಡುತ್ತಿದ್ದಾನೆ. ಅವನ ಪಕ್ಕದವಳು ಪಿಸುಗುಟ್ಟಿದಳು, 'ಇದು ವಲಸೆ ಬಂದವರ ನೆನಪಿನ ಬಗ್ಗೆ ಅನ್ಸುತ್ತೆ'.

ಆಗಲೇ ಎದ್ದು ಹೋಗಬೇಕಿತ್ತು. ಆದರೆ ಅದೇ ಹೊತ್ತಿಗೆ ಕೊಕ್ಕೆ ಬಿಟ್ಟುಕೊಂಡಿತು. ಮುಚ್ಚಳ ಹಾರಿತು, ಒಗ್ಗರಣೆ ವಾಸನೆ ಎದ್ದಿತು, ಜನ ಚಪ್ಪಾಳೆ ತಟ್ಟಿದರು! ನೇರಳೆ ಬೆಳಕು ಹಸಿರಾಯಿತು, ಚಿತ್ರಾನ್ನವೂ ಹಸಿರಾಯಿತು. ಒಬ್ಬ ಹಿರಿಯರು ಮುಂದೆ ಬಂದು ಬಗ್ಗಿ, ತುಂಬ ಮರ್ಯಾದೆಯಿಂದ, 'ಇದರಲ್ಲಿ ನಾವೂ ಭಾಗವಹಿಸಬಹುದೇ?' ಅಂತ ಕೇಳಿದರು.

ಡಬ್ಬಿ ತೆಗೆದಾಗ ಎದುರಿಗೆ ಯಾರಾದರೂ ನಿಂತಿದ್ದರೆ ನಮ್ಮವರ ಬಾಯಲ್ಲಿ ಬರುವುದು ಒಂದೇ ಮಾತು. 'ತಗೊಳ್ಳಿ' ಅಂದೆ. ಪೇಪರ್ ತಟ್ಟೆಯಲ್ಲಿ ಒಂದು ಚಮಚ ಹಾಕಿದೆ. ಅವರು ಕಣ್ಣು ಮುಚ್ಚಿ ತಿಂದರು. ಕಡಲೆಬೀಜ ಅಗಿಯುವಾಗ ತಲೆ ಆಡಿಸಿದರು. ಅವರ ಹಿಂದೆ ಇನ್ನೊಬ್ಬರು. ಅವರ ಹಿಂದೆ ಮತ್ತಿಬ್ಬರು. ಇದು ಕಲೆ ಅಲ್ಲ, ನನ್ನ ಊಟ ಅಂತ ಮೂರು ಸಲ ಹೇಳಿದೆ. ಹೇಳಿದಷ್ಟೂ ಅವರ ಮುಖದಲ್ಲಿ ಗೌರವ ಜಾಸ್ತಿ ಆಯಿತು. 'ಎಷ್ಟು ಹೊತ್ತಿನ ಕೃತಿ ಇದು?' ಅಂತ ಒಬ್ಬಳು ಕೇಳಿದಳು. ಡಬ್ಬಿ ನೋಡಿದೆ. 'ಇನ್ನು ಹತ್ತು ನಿಮಿಷ' ಅಂದೆ.

ಅಷ್ಟರಲ್ಲಿ ಫೋನ್ ಬಂತು. ಯಜಮಾನರು.

'ಎಲ್ಲಿದ್ದೀಯ? ಇಲ್ಲೊಂದು ಸಾಲು ಸಿಕ್ಕಿದೆ ಕಣೇ. ಒಳ್ಳೇ ಒಗ್ಗರಣೆ ವಾಸನೆ ಬರ್ತಿದೆ, ನಮ್ಮ ಕಡೆಯವರದ್ದೇ ಏನೋ ಇರಬೇಕು. ಬೇಗ ಬಾ, ಜಾಗ ಹಿಡಿದಿದ್ದೀನಿ.'

ಕತ್ತು ಚಾಚಿ ನೋಡಿದೆ. ಸಾಲಿನ ಕೊನೆಯಲ್ಲಿ, ಬೂದು ಟೋಪಿ ಹಾಕಿಕೊಂಡು, ಮುಂದಿನವರ ಹೆಗಲ ಮೇಲಿಂದ ಇಣುಕುತ್ತ ನಿಂತಿದ್ದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ಆದರೂ ಅವರ ಸರದಿ ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ಬಂದಾಗ ಡಬ್ಬಿಯಲ್ಲಿ ಉಳಿದಿದ್ದು ಒಂದು ಒಣಮೆಣಸಿನಕಾಯಿ. ತಟ್ಟೆಗೆ ಹಾಕಿ ಕೊಟ್ಟೆ. ಅದು ನನ್ನ ಪಾಲಿನದೂ ಹೌದು ಅಂತ ಅವರಿಗೆ ಇವತ್ತಿಗೂ ಹೊಳೆದಿಲ್ಲ.

ನಿಜವಾಗಿ ಆ ರಾತ್ರಿ ನಾವು ನೋಡಲು ಬಂದಿದ್ದು ಬೇರೆ. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹಗಲು ಹಲ್ಲಿನ ಡಾಕ್ಟರ ಹತ್ತಿರ ಕೆಲಸ, ರಾತ್ರಿ ಕಲೆ. ಈ ಹಬ್ಬದಲ್ಲಿ ದೊಡ್ಡ ಹೆಸರಿನವರ ಜತೆಗೆ ಊರಿನ ಕಲಾವಿದರು ತಾವೇ ಅರ್ಜಿ ಹಾಕಿ, ತಾವೇ ಹೊತ್ತು ತಂದು ಮಾಡುವ ಕೆಲಸಗಳೂ ಇರುತ್ತವೆ. ಇವಳದು ಅಂಥದು. ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನನ್ನು ಹಿಡಿದು ಒಂದು ಹಳೇ ಬೆಡ್‌ಶೀಟ್ ಮತ್ತು ಒಂದು ಜೋಗುಳ ಕೇಳಿದ್ದಳು. 2012ರಲ್ಲಿ ಕ್ಯಾಲ್ಗರಿಯ ಇಂಥದೇ ರಾತ್ರಿಯಲ್ಲಿ ಅಲ್ಲಿನವರೇ ಆದ ಕೇಟ್ಲಿಂಡ್ ಬ್ರೌನ್ ಮತ್ತು ವೇನ್ ಗ್ಯಾರೆಟ್ ಊರವರಿಂದ ಸುಟ್ಟುಹೋದ ಬಲ್ಬುಗಳನ್ನು ಕೂಡಿಸಿ, 6,000 ಬಲ್ಬಿನ ಒಂದು ಮೋಡ ಮಾಡಿದ್ದರಂತೆ. ಕೆಳಗೆ ನಿಂತು ದಾರ ಎಳೆದರೆ ಮೋಡ ಮಿಂಚಬೇಕು. 'ಅವರು ಬಲ್ಬ್ ಕೇಳಿದರು, ನಾನು ಬೆಡ್‌ಶೀಟ್ ಕೇಳ್ತಿದ್ದೀನಿ ಆಂಟಿ' ಅಂದಳು. ಕೊಟ್ಟೆ. ಜೋಗುಳವನ್ನು ಅಡುಗೆಮನೆಯಲ್ಲೇ ಫೋನಿಗೆ ಹಾಡಿ ಕಳಿಸಿದೆ.

ನಾಲ್ಕೂವರೆಗೆ ಅವಳ ಸಂದಿ ಸಿಕ್ಕಿತು. ಸಾಲು ಇರಲಿಲ್ಲ, ಅದಕ್ಕೇ ನಮ್ಮ ಯಜಮಾನರು ಎರಡು ಸಲ ಅದರ ಮುಂದೆಯೇ ದಾಟಿಸಿಕೊಂಡು ಹೋಗಿದ್ದರು. ಹಗ್ಗದ ಮೇಲೆ ಬೆಡ್‌ಶೀಟ್‌ಗಳು, ಒಳಗಿಂದ ಮಂದ ಬೆಳಕು. ಬಟ್ಟೆಗೆ ಕಿವಿ ಇಟ್ಟರೆ ಒಬ್ಬೊಬ್ಬರ ಜೋಗುಳ. ತಮಿಳು, ಉರ್ದು, ನನಗೆ ಗೊತ್ತಿಲ್ಲದ ಇನ್ನೆಷ್ಟೋ ಭಾಷೆ. ನನ್ನ ನೀಲಿ ಹೂವಿನ ಬೆಡ್‌ಶೀಟ್ ಹತ್ತಿರ ಮಗಳು ನಿಂತಿದ್ದಳು. ನಾನೂ ಕಿವಿ ಇಟ್ಟೆ. ಜೋ ಜೋ ಅನ್ನುವುದರ ನಡುವೆ ಕುಕ್ಕರ್ ಶಿಳ್ಳೆ ಕೂಗಿತು. ಹಾಡು ನಿಂತಿತು. 'ಥೂ, ಇದೊಂದು' ಅಂತ ನನ್ನ ದನಿ. ಮತ್ತೆ ಜೋ ಜೋ. 'ಅದನ್ನು ತೆಗೀಬಾರದಿತ್ತಾ?' ಅಂದೆ. 'ಅದೇ ಎಲ್ಲರಿಗೂ ಇಷ್ಟ ಆಂಟಿ' ಅಂದಳು. ಮಗಳು ಮೂರನೇ ಸಲ ಕೇಳುತ್ತಿದ್ದಾಳೆ ಅಂತಲೂ ಹೇಳಿದಳು. ಮಗಳು ಮುಖ ತಿರುಗಿಸಿಕೊಂಡಳು.

ಆರೂವರೆ ಹೊತ್ತಿಗೆ ಆ ಹುಡುಗಿ ವೈರು ಸುತ್ತುತ್ತಿದ್ದಳು. ಅವಳ ಅಮ್ಮ ಬೆಡ್‌ಶೀಟ್ ಮಡಚುತ್ತಿದ್ದರು. ಆಟ ಮುಗಿದ ಬೆಳಗ್ಗೆ ಅಪ್ಪ ನನ್ನನ್ನು ವೇಷ ಕಟ್ಟುವ ಚೌಕಿಯ ಹತ್ತಿರ ಕರೆದೊಯ್ಯುತ್ತಿದ್ದರು. ರಾತ್ರಿ ಹೆದರಿಸಿದ ಮಹಿಷಾಸುರ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತ, ಬೀಡಿ ಹಚ್ಚಲು ಅಪ್ಪನ ಹತ್ತಿರ ಬೆಂಕಿಪೊಟ್ಟಣ ಕೇಳುತ್ತಿದ್ದ. ನಾನು ಎರಡು ತುದಿ ಹಿಡಿದು ಒಂದಿಷ್ಟು ಬೆಡ್‌ಶೀಟ್ ಮಡಚಿಕೊಟ್ಟೆ.

ಮನೆ ಸೇರಿದಾಗ ಎಂಟೂವರೆ. ಖಾಲಿ ಕ್ಯಾರಿಯರ್ ಸಿಂಕಿಗೆ ಹಾಕಿದೆ. ಯಜಮಾನರು ಟೋಪಿ ತೆಗೆದು, ಸೋಫಾದ ಮೇಲೆ ಕಾಲು ಚಾಚಿ, 'ತಿಂಡಿಗೆ ಏನು ಮಾಡ್ತೀಯ?' ಅಂದರು.

'ಸಾಲಲ್ಲಿ ನಿಲ್ಲಿ' ಅಂದೆ.