ಅಯುಮು ಹಿರಾನೊ: ಎರಡು ಸಲ ಗೆಲ್ಲಬೇಕಾಗಿ ಬಂದ ಚಿನ್ನ

ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಆಟವಾದ ಸ್ನೋಬೋರ್ಡಿಂಗ್‌ನ ಜಪಾನಿ ಪಟು ಅಯುಮು ಹಿರಾನೊ ಅವರ ಹೆಸರು ಬಂದಾಗಲೆಲ್ಲ ಜನ 2022ರ ಬೀಜಿಂಗ್ ಒಲಿಂಪಿಕ್ಸ್‌ನ ಚಿನ್ನದ ಪದಕವನ್ನೇ ಮೊದಲು ನೆನೆಯುತ್ತಾರೆ. ಎರಡನೆಯ ಸರದಿಯಲ್ಲಿ ತೀರ್ಪುಗಾರರು ಕಡಿಮೆ ಅಂಕ ಕೊಟ್ಟರು, ಅವರು ಧೃತಿಗೆಡಲಿಲ್ಲ, ಮೂರನೆಯ ಸರದಿಯಲ್ಲಿ ಅದನ್ನೇ ಮತ್ತೆ ಮಾಡಿ ತೋರಿಸಿ ಗೆದ್ದರು ಎಂದು ಮೆಚ್ಚಿಕೊಂಡು ಮಾತು ಮುಗಿಸುತ್ತಾರೆ. ಮೆಚ್ಚುಗೆಯ ಬಗ್ಗೆ ನನ್ನ ತಕರಾರಿಲ್ಲ, ಆ ಮೆಚ್ಚುಗೆಯಲ್ಲಿ ನನಗೂ ಪಾಲಿದೆ. ಆದರೆ ಕೊನೆಗೆ ಗೆದ್ದರಲ್ಲ ಎಂಬ ಸಮಾಧಾನದಲ್ಲಿ ಎರಡನೆಯ ಸರದಿಯಲ್ಲಿ ನಡೆದ ತಪ್ಪನ್ನು ನಾವು ತೀರಾ ಸುಲಭವಾಗಿ ಮನ್ನಿಸಿಬಿಟ್ಟಿದ್ದೇವೆ. ಆ ಒಂದು ಸರದಿಯನ್ನು ಕಟ್ಟಲು ಒಬ್ಬ ಮನುಷ್ಯ ಎಷ್ಟು ವರ್ಷ, ಎಷ್ಟು ನೋವು ಸವೆಸಿದ್ದ ಎಂಬುದನ್ನು ನೋಡಿದರೆ ಆ ಕ್ಷಮೆಯನ್ನು ಅಷ್ಟು ಸುಲಭವಾಗಿ ಕೊಡುವುದು ನನ್ನಿಂದಾಗುವುದಿಲ್ಲ.

ಹಿರಾನೊ ಹುಟ್ಟಿದ್ದು 1998ರ ನವೆಂಬರ್ 29ರಂದು, ಜಪಾನ್ ಸಮುದ್ರದ ದಂಡೆಯಲ್ಲಿರುವ ನಿಗಾತ ಪ್ರಾಂತ್ಯದ ಮುರಾಕಾಮಿ ಪಟ್ಟಣದಲ್ಲಿ. ಸ್ನೋಬೋರ್ಡಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿದ್ದೂ ಅದೇ ವರ್ಷ, ಫೆಬ್ರುವರಿಯಲ್ಲಿ ಜಪಾನಿನದೇ ನಗಾನೊದಲ್ಲಿ ನಡೆದ ಕ್ರೀಡಾಕೂಟದಲ್ಲಿ. ತಂದೆ ಹಿದೆನೊರಿ ಸರ್ಫಿಂಗ್ ಹುಚ್ಚಿನವರು. ಪಾಳುಬಿದ್ದಿದ್ದ ಒಂದು ವ್ಯಾಯಾಮ ಶಾಲೆಯ ಕಟ್ಟಡವನ್ನು ಅವರು ಸ್ಕೇಟ್ ಪಾರ್ಕ್ ಆಗಿ ಮಾರ್ಪಡಿಸಿದರು, ಮೂವರು ಗಂಡುಮಕ್ಕಳೂ ಅಲ್ಲಿಯೇ ಬೆಳೆದರು. ನಡುವಿನವರಾದ ಅಯುಮು ನಾಲ್ಕನೆಯ ವಯಸ್ಸಿನಲ್ಲಿ ಅಣ್ಣನ ಹಿಂದೆಯೇ ಸ್ಕೇಟ್‌ಬೋರ್ಡ್ ಹತ್ತಿದರು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ನೋಬೋರ್ಡನ್ನೂ ಕಲಿತರು. ಮುಂದಿನ ಎಲ್ಲವನ್ನೂ ಅರ್ಥ ಮಾಡಿಕೊಳ್ಳಲು ಈ ಜೋಡಿ ಕಲಿಕೆ ಮುಖ್ಯವೆಂದು ನನ್ನ ಭಾವನೆ. ಸ್ನೋಬೋರ್ಡಿನಲ್ಲಿ ಪಾದಗಳನ್ನು ಹಲಗೆಗೆ ಬಿಗಿದಿರುತ್ತಾರೆ, ಸ್ಕೇಟ್‌ಬೋರ್ಡಿನಲ್ಲಿ ಅಂಥ ಯಾವ ಆಧಾರವೂ ಇಲ್ಲ. ಗಾಳಿಯಲ್ಲಿ ಹಲಗೆ ಕಾಲಿನಡಿ ಉಳಿಯಬೇಕಾದರೆ ಮೈಯ ಪ್ರತಿಯೊಂದು ಚಲನೆಯೂ ಸರಿಯಾಗಿರಬೇಕು, ತಪ್ಪಿದರೆ ಬೀಳುವುದು ಮರದ ಅಥವಾ ಕಾಂಕ್ರೀಟಿನ ನೆಲದ ಮೇಲೆ. ಹಿಮದ ಮೇಲೆ ಹಿರಾನೊ ಅವರ ದೇಹ ಗಾಳಿಯಲ್ಲಿ ಅಷ್ಟೊಂದು ನಿರಾಳವಾಗಿ ಕಾಣುವುದಕ್ಕೆ ಬೇಸಿಗೆ ಮಳೆಗಾಲಗಳಲ್ಲೂ ನಿಲ್ಲದೆ ನಡೆದ ಆ ಅಭ್ಯಾಸವೇ ಕಾರಣವಿರಬೇಕು.

ಆ ಕಾಲದ ಜಪಾನಿನಲ್ಲಿ ಸ್ನೋಬೋರ್ಡ್ ಪಟುಗಳಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. 2010ರ ವ್ಯಾಂಕೂವರ್ ಕೂಟಕ್ಕೆ ಹೊರಟ ಕಝುಹಿರೊ ಕೊಕುಬೊ ಅವರು ತಂಡದ ಸಮವಸ್ತ್ರದ ಟೈ ಸಡಿಲಿಸಿ, ಪ್ಯಾಂಟು ಇಳಿಬಿಟ್ಟು ವಿಮಾನ ನಿಲ್ದಾಣದಲ್ಲಿ ಕಾಣಿಸಿಕೊಂಡದ್ದಕ್ಕೆ ದೇಶದಲ್ಲಿ ದೊಡ್ಡ ಗದ್ದಲವೇ ಎದ್ದಿತು, ಅವರು ಉದ್ಘಾಟನಾ ಸಮಾರಂಭದಿಂದ ಹೊರಗುಳಿಯಬೇಕಾಯಿತು. ಅದಾದ ನಾಲ್ಕೇ ವರ್ಷಕ್ಕೆ, 2014ರ ಫೆಬ್ರುವರಿ 11ರಂದು ಸೋಚಿಯಲ್ಲಿ, 15 ವರ್ಷದ ಹಿರಾನೊ 93.50 ಅಂಕಗಳೊಂದಿಗೆ ಬೆಳ್ಳಿ ಗೆದ್ದು, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಪಡೆದ ಜಪಾನಿನ ಅತಿ ಕಿರಿಯ ಕ್ರೀಡಾಪಟುವಾದರು. ಕಂಚು ಕೂಡ ಜಪಾನಿನ ತಾಕು ಹಿರಾವೊಕಾ ಅವರಿಗೆ ಹೋಯಿತು. ಅಂದಿನ ವಿಜೇತ ಸ್ವಿಟ್ಜರ್‌ಲೆಂಡಿನ ಯೂರಿ ಪೊದ್ಲಾದ್‌ಚಿಕೋವ್. 2006 ಮತ್ತು 2010ರ ಚಾಂಪಿಯನ್ ಅಮೆರಿಕದ ಶಾನ್ ವೈಟ್ ನಾಲ್ಕನೆಯವರಾದರು. ಅದಕ್ಕೂ ಒಂದು ವರ್ಷ ಮೊದಲೇ ಅಮೆರಿಕದ ಆಸ್ಪೆನ್‌ನಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟದಲ್ಲಿ ವೈಟ್ ಅವರ ಹಿಂದೆ ಬೆಳ್ಳಿ ಗೆದ್ದಿದ್ದ ಈ ಹುಡುಗನನ್ನು ಬಲ್ಲವರು ಬಲ್ಲವರಾಗಿದ್ದರು, ಉಳಿದ ಲೋಕಕ್ಕೆ ಪರಿಚಯವಾದದ್ದು ಸೋಚಿಯಲ್ಲಿ.

ಹಾಫ್‌ಪೈಪ್ ಎಂಬ ಈ ಸ್ಪರ್ಧೆಯನ್ನು ನೋಡಿರದವರಿಗಾಗಿ ಒಂದೆರಡು ಮಾತು. ಇಳಿಜಾರಿನಲ್ಲಿ ಗಟ್ಟಿ ಹಿಮವನ್ನು ಕೊರೆದು ಮಾಡಿದ ಉದ್ದನೆಯ ಕಾಲುವೆಯದು. ಎರಡೂ ಬದಿಯ ಗೋಡೆಗಳು ಸುಮಾರು 22 ಅಡಿ ಎತ್ತರ, ತುದಿಯಲ್ಲಿ ಹೆಚ್ಚುಕಡಿಮೆ ಲಂಬ. ಸ್ಪರ್ಧಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಜಾರುತ್ತ, ಪ್ರತಿ ಸಲವೂ ಗೋಡೆಯಂಚಿನಿಂದ ಹಲವು ಅಡಿ ಮೇಲಕ್ಕೆ ಚಿಮ್ಮಿ, ತಿರುಗಿ, ಅದೇ ಗೋಡೆಯ ಮೇಲ್ಭಾಗಕ್ಕೇ ಮರಳಬೇಕು. ತುಸು ಒಳಗೆ ಬಿದ್ದರೆ ಕಾಲುವೆಯ ಸಪಾಟು ತಳಕ್ಕೆ ಅಪ್ಪಳಿಸುತ್ತಾನೆ, ತುಸು ಹೊರಗಾದರೆ ಗೋಡೆಯಂಚಿಗೆ ಬಡಿಯುತ್ತಾನೆ. ಸರಿಯಾಗಿ ಇಳಿಯುವ ಜಾಗ ಬಹಳ ಕಿರಿದು. 2009ರ ಡಿಸೆಂಬರ್ 31ರಂದು ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಿದ್ದ ಅಮೆರಿಕದ ಕೆವಿನ್ ಪಿಯರ್ಸ್ ಅವರ ಮೆದುಳಿಗೆ ತೀವ್ರ ಪೆಟ್ಟಾಯಿತು, ಅವರ ಸ್ಪರ್ಧಾ ಬದುಕು ಅಲ್ಲಿಗೇ ಮುಗಿಯಿತು. ಈ ಆಟದಲ್ಲಿ ಅಪಾಯ ಎಂಬುದು ಬರಿಯ ಮಾತಲ್ಲ.

ಹಿರಾನೊ ಅವರ ಪಾಲಿಗೂ ಅದು ಬರಿಯ ಮಾತಾಗಿ ಉಳಿಯಲಿಲ್ಲ. 2017ರ ಮಾರ್ಚ್‌ನಲ್ಲಿ ಅಮೆರಿಕದ ವೇಲ್‌ನಲ್ಲಿ ನಡೆದ ಯುಎಸ್ ಓಪನ್ ಸ್ಪರ್ಧೆಯಲ್ಲಿ ಬಿದ್ದಾಗ ಅವರ ಎಡ ಮೊಣಕಾಲಿನ ಅಸ್ಥಿರಜ್ಜು ಹಾನಿಗೊಂಡಿತು, ಯಕೃತ್ತಿಗೂ ಗಾಯವಾಯಿತು. ಮೊಣಕಾಲಿನ ಗಾಯ ಈ ಆಟದಲ್ಲಿ ಸಾಮಾನ್ಯ. ಯಕೃತ್ತಿನದು ಹಾಗಲ್ಲ, ಅದು ಪ್ರಾಣಕ್ಕೇ ಎರವಾಗಬಹುದಾಗಿದ್ದ ಪೆಟ್ಟು. ತಿಂಗಳುಗಟ್ಟಲೆ ಹಿಮದಿಂದ ದೂರ ಉಳಿದು ಮರಳಿದ ಅವರು 2018ರ ಜನವರಿಯಲ್ಲಿ ಆಸ್ಪೆನ್‌ನ ಎಕ್ಸ್ ಗೇಮ್ಸ್‌ನಲ್ಲಿ, ನಾಲ್ಕು ಪೂರ್ಣ ಸುತ್ತು, ಅಂದರೆ 1440 ಡಿಗ್ರಿ ತಿರುಗುತ್ತ ಎರಡು ಸಲ ಮೈ ಓರೆಯಾಗಿ ತಲೆಕೆಳಗಾಗುವ ಡಬಲ್ ಕಾರ್ಕ್ 1440 ಎಂಬ ಜಿಗಿತವನ್ನು ಒಂದರ ಬೆನ್ನಿಗೆ ಇನ್ನೊಂದರಂತೆ ಎರಡು ಸಲ ಮಾಡಿ ಚಿನ್ನ ಗೆದ್ದರು. ಸ್ಪರ್ಧೆಯೊಂದರಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಮಾಡಿರಲಿಲ್ಲ.

ಮುಂದಿನ ತಿಂಗಳು ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್. ಅಲ್ಲಿನ ಅಂತಿಮ ಸ್ಪರ್ಧೆಯಲ್ಲಿ 16 ವರ್ಷದ ಸಹಸ್ಪರ್ಧಿ ಯುತೊ ತೊತ್ಸುಕಾ ಗೋಡೆಯಂಚಿಗೆ ಬಡಿದು ಬಿದ್ದು, ಸ್ಟ್ರೆಚರ್ ಮೇಲೆ ಹೊರಗೆ ಹೋಗಬೇಕಾಯಿತು. ತಮ್ಮದೇ ತಂಡದ ಹುಡುಗನಿಗೆ ಹಾಗಾದ ಅದೇ ಕಾಲುವೆಗೆ ಹಿರಾನೊ ಇಳಿದು 95.25 ಅಂಕ ಪಡೆದರು. ಚಿನ್ನ ಅವರದೇ ಆಗಿತ್ತು, ಕಟ್ಟಕಡೆಯ ಸ್ಪರ್ಧಿ ಶಾನ್ ವೈಟ್ ತಮ್ಮ ಕಟ್ಟಕಡೆಯ ಸರದಿಗೆ ಇಳಿಯುವವರೆಗೆ. ವೈಟ್ ಪಡೆದದ್ದು 97.75. ಆ ಗೆಲುವನ್ನು ನಾನು ಪ್ರಶ್ನಿಸುವುದಿಲ್ಲ; ಹಿರಾನೊ ಆಸ್ಪೆನ್‌ನಲ್ಲಿ ಮಾಡಿ ತೋರಿಸಿದ್ದ ಆ ಜೋಡಿ ಜಿಗಿತವನ್ನೇ ಗುರಿಯಾಗಿಟ್ಟುಕೊಂಡು ಅದನ್ನು ಒಲಿಂಪಿಕ್ಸ್‌ನಲ್ಲಿ ಸಾಧಿಸಿದ ವೈಟ್ ಅವರದು ದೊಡ್ಡ ಸಾಹಸವೇ. ಆದರೆ ಎರಡು ಒಲಿಂಪಿಕ್ಸ್, ಎರಡೂ ಬೆಳ್ಳಿ, ಅದೂ 19ನೆಯ ವಯಸ್ಸಿಗೆ.

ಆಮೇಲೆ ಅವರು ತೆಗೆದುಕೊಂಡ ತೀರ್ಮಾನ ನನಗೆ ಇಂದಿಗೂ ಅಚ್ಚರಿಯದು. ಮೂರನೆಯ ಚಳಿಗಾಲದ ಒಲಿಂಪಿಕ್ಸ್‌ಗೆ ನೇರವಾಗಿ ಸಿದ್ಧತೆ ನಡೆಸುವುದನ್ನು ಬಿಟ್ಟು, ಟೋಕಿಯೊದಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಗಲಿದ್ದ ಸ್ಕೇಟ್‌ಬೋರ್ಡಿಂಗ್‌ನತ್ತ ತಿರುಗಿದರು. ಕೋವಿಡ್‌ನಿಂದಾಗಿ ಆ ಕೂಟ ಒಂದು ವರ್ಷ ಮುಂದೆ ಹೋಯಿತು, ಅಂದರೆ ಬೀಜಿಂಗ್‌ಗೆ ಸಿದ್ಧವಾಗಲು ಅವರ ಬಳಿ ಉಳಿದದ್ದು ಬರೀ ಆರು ತಿಂಗಳು. 2021ರ ಆಗಸ್ಟ್‌ನಲ್ಲಿ ಟೋಕಿಯೊದ ಪಾರ್ಕ್ ವಿಭಾಗದಲ್ಲಿ ಅವರು 14ನೆಯವರಾದರು, ಅಂತಿಮ ಸುತ್ತಿಗೆ ಹೋಗಲಿಲ್ಲ. ಫಲಿತಾಂಶದ ಪಟ್ಟಿಯನ್ನು ಮಾತ್ರ ನೋಡುವವರು ಇದನ್ನು ಸೋಲೆಂದು ಬರೆದಿಡಬಹುದು. ನನಗೆ ಹಾಗೆ ಕಾಣುವುದಿಲ್ಲ. ಎರಡು ಬೆಳ್ಳಿಯ ಭಾರ ಹೊತ್ತವನೊಬ್ಬ ಅದನ್ನು ಪಕ್ಕಕ್ಕಿಟ್ಟು, ಬಾಲ್ಯದ ಆಟವೊಂದರಲ್ಲಿ ಮತ್ತೆ ಹೊಸಬನಾಗಿ ಸರದಿಯಲ್ಲಿ ನಿಲ್ಲುವುದಕ್ಕೆ ಬೇಕಾದ ಧೈರ್ಯ ಜಿಗಿತಕ್ಕೆ ಬೇಕಾದ ಧೈರ್ಯಕ್ಕಿಂತ ಕಡಿಮೆಯದಲ್ಲ.

ಹಿಮಕ್ಕೆ ಮರಳಿದಾಗ ಅವರ ಮನಸ್ಸಿನಲ್ಲಿದ್ದದ್ದು ಟ್ರಿಪಲ್ ಕಾರ್ಕ್ 1440. ನಾಲ್ಕು ಪೂರ್ಣ ಸುತ್ತು ತಿರುಗುವಷ್ಟರಲ್ಲಿ ಮೂರು ಸಲ ಮೈ ಓರೆಯಾಗಿ ತಲೆಕೆಳಗಾಗಬೇಕು. ದೊಡ್ಡ ದಿಬ್ಬಗಳಿಂದ ಹಾರುವ ಬಿಗ್ ಏರ್ ಸ್ಪರ್ಧೆಗಳಲ್ಲಿ ಮೂರು ಪಲ್ಟಿ ಅದಾಗಲೇ ಹಳೆಯ ಸಂಗತಿ, ಏಕೆಂದರೆ ಅಲ್ಲಿ ಗಾಳಿಯಲ್ಲಿ ಹೆಚ್ಚು ಹೊತ್ತು ಸಿಗುತ್ತದೆ, ಇಳಿಯಲು ಉದ್ದನೆಯ ಇಳಿಜಾರು ಇರುತ್ತದೆ. ಹಾಫ್‌ಪೈಪಿನಲ್ಲಿ ಸಿಗುವುದು ಎರಡು ಸೆಕೆಂಡಿನ ಆಸುಪಾಸು. ಅಷ್ಟರಲ್ಲಿ ಎಲ್ಲವನ್ನೂ ಮುಗಿಸಿ ಗೋಡೆಯನ್ನು ಕಣ್ಣಿಂದ ಹುಡುಕಿ, ಹಲಗೆಯ ಅಂಚನ್ನು ಅದಕ್ಕೆ ಹೊಂದಿಸಿ ಇಳಿಯಬೇಕು; ಇಳಿದ ವೇಗವನ್ನು ಕಳೆದುಕೊಳ್ಳದೆ ಎದುರಿನ ಗೋಡೆಯಲ್ಲಿ ಮುಂದಿನ ಜಿಗಿತ ಕಟ್ಟಬೇಕು. 2021ರ ಡಿಸೆಂಬರ್‌ನಲ್ಲಿ ಕಾಪರ್ ಮೌಂಟನ್‌ನ ಡ್ಯೂ ಟೂರ್ ಸ್ಪರ್ಧೆಯಲ್ಲಿ ಹಿರಾನೊ ಅದನ್ನು ಮೊದಲ ಬಾರಿಗೆ ಸರಿಯಾಗಿ ಇಳಿಸಿದರು, ಆದರೆ ಸರದಿಯನ್ನು ಪೂರ್ಣಗೊಳಿಸಲಾಗಲಿಲ್ಲ. ಆ ಜಿಗಿತದ ನಂತರವೂ ಇನ್ನೂ ನಾಲ್ಕನ್ನು ಜೋಡಿಸುವುದೇ ನಿಜವಾದ ಕಷ್ಟವಾಗಿತ್ತು.

2022ರ ಫೆಬ್ರುವರಿ 11, ಬೀಜಿಂಗ್ ಕೂಟದ ಹಾಫ್‌ಪೈಪ್ ಸ್ಪರ್ಧೆ ನಡೆದ ಝಾಂಗ್‌ಜಿಯಾಕೋವಿನ ಗೆಂಟಿಂಗ್ ಹಿಮ ಉದ್ಯಾನ. ಮೊದಲ ಸರದಿಯಲ್ಲಿ ಹಿರಾನೊ ಬಿದ್ದರು. ಎರಡನೆಯದರಲ್ಲಿ ಟ್ರಿಪಲ್ ಕಾರ್ಕ್‌ನಿಂದ ಆರಂಭಿಸಿ, ಬೆನ್ನಿಗೇ ಇನ್ನೊಂದು 1440, ಆಮೇಲೆ ಮೂರೂವರೆ ಸುತ್ತಿನ ಎರಡು 1260, ಕೊನೆಗೆ ಮತ್ತೊಂದು 1440, ಹೀಗೆ ಐದನ್ನೂ ಬೀಳದೆ ಮುಗಿಸಿದರು. ಹಾಫ್‌ಪೈಪಿನಲ್ಲಿ ಇಷ್ಟು ಕಠಿಣವಾದ ಸರದಿಯನ್ನು ಅದುವರೆಗೆ ಯಾರೂ ಪೂರ್ಣಗೊಳಿಸಿರಲಿಲ್ಲ. ಫಲಕದ ಮೇಲೆ ಮೂಡಿದ್ದು 91.75. ಆಸ್ಟ್ರೇಲಿಯಾದ ಸ್ಕಾಟಿ ಜೇಮ್ಸ್ 92.50ರೊಂದಿಗೆ ಮುಂದಿದ್ದರು. ಪ್ರೇಕ್ಷಕರಿಂದ ಅಸಮ್ಮತಿಯ ಕೂಗು ಎದ್ದಿತು. ಅಮೆರಿಕದ ದೂರದರ್ಶನ ಪ್ರಸಾರದಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದ, ತಾವೂ ಒಮ್ಮೆ ಒಲಿಂಪಿಕ್ ಸ್ಪರ್ಧಿಯಾಗಿದ್ದ ಟಾಡ್ ರಿಚರ್ಡ್ಸ್, ತೀರ್ಪುಗಾರರು ತಮ್ಮ ವಿಶ್ವಾಸಾರ್ಹತೆಯನ್ನೇ ಕಳೆದುಕೊಂಡರೆಂದು ನೇರ ಪ್ರಸಾರದಲ್ಲಿಯೇ ಸಿಟ್ಟಿನಿಂದ ಹೇಳಿದರು.

ಅಂಕಗಳನ್ನು ಹತ್ತಿರದಿಂದ ನೋಡೋಣ. ಆರು ಜನ ತೀರ್ಪುಗಾರರು ಕೊಟ್ಟದ್ದು 96, 92, 90, 95, 90 ಮತ್ತು 89. ನಿಯಮದಂತೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ನಾಲ್ಕರ ಸರಾಸರಿ ತೆಗೆಯುತ್ತಾರೆ. ಆಗ ಬಹಳ ಜನ 89 ಕೊಟ್ಟ ಒಬ್ಬರ ಮೇಲೆಯೇ ಹರಿಹಾಯ್ದರು, ಆದರೆ ಆ 89 ಹೇಗೂ ಲೆಕ್ಕದಿಂದ ಹೊರಗೆ ಹೋಗಿತ್ತು. ಪೆಟ್ಟು ಕೊಟ್ಟದ್ದು ಎರಡು 90ಗಳು. ಆ ಇಬ್ಬರು ತಲಾ ಎರಡು ಅಂಕ ಹೆಚ್ಚು ಕೊಟ್ಟಿದ್ದರೆ ಸರಾಸರಿ 92.75 ಆಗಿ, ಹಿರಾನೊ ಆಗಲೇ ಮುಂದೆ ಇರುತ್ತಿದ್ದರು. ಹೀಗಾಗಿ ಒಬ್ಬ ವ್ಯಕ್ತಿಯನ್ನು ದೂಷಿಸಿ ಕೈತೊಳೆದುಕೊಳ್ಳುವುದು ತಪ್ಪು. ಒಂದೇ ಸರದಿಯನ್ನು ನೋಡಿದ ಆರು ಪರಿಣತರ ನಡುವೆ ಏಳು ಅಂಕಗಳ ಅಂತರ ಬರುತ್ತದೆಂದರೆ, ಅವರು ಯಾವುದಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದರಲ್ಲೇ ಒಮ್ಮತವಿಲ್ಲ ಎಂದು ಅರ್ಥ.

ತೀರ್ಪುಗಾರರ ಪರವಾಗಿ ಹೇಳಬಹುದಾದದ್ದೂ ಇದೆ. ಹಾಫ್‌ಪೈಪಿನಲ್ಲಿ ಅಂಕ ಕೊಡುವುದು ಒಟ್ಟಾರೆ ನೋಟದ ಮೇಲೆ: ಎತ್ತರ, ಕಠಿಣತೆ, ವೈವಿಧ್ಯ, ನಿರ್ವಹಣೆಯ ಅಚ್ಚುಕಟ್ಟು, ಹೊಸತನ ಇವೆಲ್ಲವನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿಯಬೇಕು. ಮುಂದೆ ಇನ್ನೂ ಉತ್ತಮವಾದದ್ದು ಬರಬಹುದೆಂದು ಸ್ವಲ್ಪ ಜಾಗ ಉಳಿಸಿಕೊಳ್ಳುವುದೂ ವಾಡಿಕೆ. ಸ್ಕಾಟಿ ಜೇಮ್ಸ್ ಸಾಮಾನ್ಯರಲ್ಲ. ತಮ್ಮ ಸಹಜ ನಿಲುವಿಗೆ ವಿರುದ್ಧವಾದ ಕಾಲನ್ನು ಮುಂದಿಟ್ಟು, ಬೆನ್ನ ಕಡೆಗೆ ತಿರುಗುವ ಅವರ ಜಿಗಿತಗಳ ಕಷ್ಟವನ್ನು ಸುತ್ತುಗಳ ಎಣಿಕೆಯಿಂದ ಅಳೆಯಲಾಗದು. ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಾಡಿದ ಅತಿ ಅಪಾಯದ ಜಿಗಿತಕ್ಕೆ ತಕ್ಕ ಬೆಲೆ ಸಿಗದೇ ಹೋದರೆ, ಅದನ್ನು ಸಾಧಿಸಲು ಜೀವ ಪಣಕ್ಕಿಟ್ಟವನಿಗೆ ಆ ಆಟ ಏನು ಹೇಳಿದಂತಾಯಿತು?

ಮೂರನೆಯ ಸರದಿ. ಅರ್ಹತಾ ಸುತ್ತಿನಲ್ಲಿ ಮೊದಲಿಗರಾಗಿದ್ದ ಕಾರಣ ಹಿರಾನೊ ಎಲ್ಲರಿಗಿಂತ ಕೊನೆಗೆ ಇಳಿಯಬೇಕಿತ್ತು, ನಾಲ್ಕು ವರ್ಷದ ಹಿಂದೆ ಶಾನ್ ವೈಟ್ ಇದ್ದ ಅದೇ ಜಾಗದಲ್ಲಿ. 35 ವರ್ಷದ ವೈಟ್ ಅಂದು ತಮ್ಮ ಕೊನೆಯ ಸ್ಪರ್ಧೆಯನ್ನು ನಾಲ್ಕನೆಯ ಸ್ಥಾನದಲ್ಲಿ ಮುಗಿಸಿಯಾಗಿತ್ತು. ಹಿರಾನೊ ಅವರ ಮುಂದೆ ಸುಲಭದ ಆಯ್ಕೆ ಇರಲಿಲ್ಲ. ಇನ್ನಷ್ಟು ಕಠಿಣವಾದದ್ದು ಮಾಡೋಣವೆಂದರೆ ಅದು ಭೂಮಿಯ ಮೇಲೆ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಅದೇ ಐದು ಜಿಗಿತಗಳನ್ನು, ಅದೇ ಕ್ರಮದಲ್ಲಿ, ಮತ್ತೆ ಮಾಡಿದರು. ಎರಡೂ ಸರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೂರನೆಯದು ತುಸು ಹೆಚ್ಚು ಸ್ವಚ್ಛವಾಗಿದೆ ಎಂದು ನನಗೂ ಅನಿಸುತ್ತದೆ. ಮೊದಲ ಇಳಿತದ ನಂತರ ಮಂಡಿ ಮಡಿಚಿ ತಕ್ಷಣ ವೇಗ ಹಿಡಿಯುವ ರೀತಿಯಲ್ಲಿ ಹಿಂಜರಿಕೆಯ ಲವಲೇಶವೂ ಇಲ್ಲ. ಅಂಕ 96.00. ಚಿನ್ನ. ಜೇಮ್ಸ್‌ಗೆ ಬೆಳ್ಳಿ, ಸ್ವಿಟ್ಜರ್‌ಲೆಂಡಿನ ಯಾನ್ ಶೆರರ್‌ಗೆ ಕಂಚು. ಒಲಿಂಪಿಕ್ಸ್ ಸ್ನೋಬೋರ್ಡಿಂಗ್‌ನಲ್ಲಿ ಜಪಾನಿಗೆ ಸಿಕ್ಕ ಮೊದಲ ಚಿನ್ನವದು.

ಆದರೆ ಆ ಸರದಿಯಲ್ಲಿ ಅವರು ಬಿದ್ದಿದ್ದರೆ? ಟ್ರಿಪಲ್ ಕಾರ್ಕ್ ಎಂಬುದು ಬಯಸಿದಾಗಲೆಲ್ಲ ಇಳಿಸಬಹುದಾದ ಜಿಗಿತವಾಗಿರಲಿಲ್ಲ. ಬಿದ್ದಿದ್ದರೆ ಮೂರನೆಯ ಬೆಳ್ಳಿ, ಮತ್ತು ಯಕೃತ್ತಿನ ಗಾಯಕ್ಕೂ ಮಿಕ್ಕಿದ ಏನಾದರೂ. ತಮ್ಮದಾಗಬೇಕಿದ್ದ ಪದಕಕ್ಕಾಗಿ ಎರಡನೆಯ ಬಾರಿ ಪ್ರಾಣಾಪಾಯಕ್ಕೆ ಒಡ್ಡಿಕೊಳ್ಳುವಂತೆ ಅವರನ್ನು ತಳ್ಳಿದ್ದು ಅಂಕಪಟ್ಟಿ. ಈ ಕಾರಣಕ್ಕಾಗಿಯೇ ಅದನ್ನು ಸುಖಾಂತ್ಯದ ಕಥೆಯಾಗಿ ಕೇಳಲು ನನಗೆ ಕಷ್ಟವಾಗುತ್ತದೆ.

ಅದನ್ನು ಹಾಗೆ ಬಿಟ್ಟುಬಿಡಲು ಹಿರಾನೊ ಅವರೂ ಸಿದ್ಧರಿರಲಿಲ್ಲ ಎಂಬುದು ನನಗೆ ಅವರ ಮೇಲಿನ ಗೌರವವನ್ನು ಇಮ್ಮಡಿಸಿತು. ಮಿತಭಾಷಿಯೆಂದು ಹೆಸರಾದವರು ಅವರು. ಎರಡನೆಯ ಸರದಿಯ ಅಂಕವನ್ನು ತಮ್ಮಿಂದ ಒಪ್ಪಿಕೊಳ್ಳಲಾಗಲಿಲ್ಲವೆಂದೂ, ಆ ಸಿಟ್ಟನ್ನು ಕೊನೆಯ ಸರದಿಗೆ ತಿರುಗಿಸಿದೆನೆಂದೂ ಗೆದ್ದ ಮೇಲೆ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅಷ್ಟಕ್ಕೇ ನಿಲ್ಲಿಸದೆ, ಸ್ಪರ್ಧಿಗಳು ಜೀವವನ್ನೇ ಒಡ್ಡಿ ಆಡುವ ಈ ಆಟದಲ್ಲಿ ಅಂಕ ನೀಡುವ ಕ್ರಮವನ್ನು ಸರಿಯಾಗಿ ಪರಿಶೀಲಿಸಬೇಕು, ಅಳೆಯಬಹುದಾದದ್ದನ್ನು ಅಳೆಯುವ ವ್ಯವಸ್ಥೆ ಬೇಕು ಎಂಬ ಅರ್ಥದ ಮಾತನ್ನೂ ಆಡಿದರು. ಕೊರಳಲ್ಲಿ ಚಿನ್ನವಿದ್ದಾಗ ಈ ಮಾತು ಆಡುವ ಅಗತ್ಯ ಅವರಿಗೆ ವೈಯಕ್ತಿಕವಾಗಿ ಇರಲಿಲ್ಲ. ಅವರು ಮಾತಾಡಿದ್ದು ಮುಂದೆ ಬರುವವರಿಗಾಗಿ.

ಪ್ರತಿ ಜಿಗಿತಕ್ಕೂ ಜಿಮ್ನಾಸ್ಟಿಕ್ಸ್‌ನಂತೆ ಮೊದಲೇ ನಿಗದಿಯಾದ ಬೆಲೆಪಟ್ಟಿ ಬೇಕೆಂದು ನಾನು ವಾದಿಸುವುದಿಲ್ಲ. ಹಾಗೆ ಮಾಡಿದರೆ ಎಲ್ಲರೂ ಪಟ್ಟಿಯ ಮೇಲ್ತುದಿಯ ನಾಲ್ಕೈದು ಜಿಗಿತಗಳಿಗೇ ಅಂಟಿಕೊಳ್ಳುತ್ತಾರೆ; ಗಾಳಿಯಲ್ಲಿ ತೇಲುತ್ತ ಹಲಗೆಯನ್ನು ಹಿಡಿದು ಬೆನ್ನು ಬಾಗಿಸುವ ಮೆಥಡ್‌ನಂಥ ಸರಳ, ಸುಂದರ ಜಿಗಿತಗಳಿಗೆ ಜಾಗವೇ ಇಲ್ಲದಾಗುತ್ತದೆ. ಅಯುಮು ಅವರ ತಮ್ಮ ಕೈಶು ಅದೇ ಬೀಜಿಂಗ್ ಅಂತಿಮ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಚಿಮ್ಮಿ ನೋಡುಗರನ್ನು ಬೆರಗುಗೊಳಿಸಿದವರು. ಅಂಥವರನ್ನು ಈ ಆಟ ಕಳೆದುಕೊಳ್ಳಬಾರದು. ಆದರೆ ಎತ್ತರವನ್ನು ಕಣ್ಣಂದಾಜಿಗೆ ಬಿಡದೆ ಉಪಕರಣದಿಂದ ಅಳೆಯಲು ಏನು ಅಡ್ಡಿ? ಅಂತಿಮ ಸ್ಪರ್ಧೆಯಲ್ಲಿ ಮುಂಚೂಣಿಯ ಸರದಿಗಳನ್ನು ನಿಧಾನಗತಿಯಲ್ಲಿ ಮರಳಿ ನೋಡಿ ಅಂಕ ಕೊಡುವಷ್ಟು ಸಮಯವನ್ನು ತೀರ್ಪುಗಾರರಿಗೆ ನೀಡಬಾರದೇಕೆ? ಕಠಿಣತೆಗೆ ಎಷ್ಟು, ನಿರ್ವಹಣೆಗೆ ಎಷ್ಟು ಎಂದು ಪ್ರತಿಯೊಬ್ಬರೂ ಬಿಡಿಸಿ ಬರೆದು ಅದನ್ನು ಅಂದೇ ಪ್ರಕಟಿಸಿದರೆ, 96 ಕೊಟ್ಟವರು ಮತ್ತು 89 ಕೊಟ್ಟವರು ಎಲ್ಲಿ ಬೇರೆಯಾದರು ಎಂಬುದಾದರೂ ತಿಳಿಯುತ್ತದೆ, ಸ್ಪರ್ಧಿಗೂ ತಾನು ಎಲ್ಲಿ ಅಂಕ ಕಳೆದುಕೊಂಡೆ ಎಂಬುದಕ್ಕೆ ಉತ್ತರ ಸಿಗುತ್ತದೆ. ಅಂದು ಎರಡನೆಯ ಸರದಿಗೂ ಮೂರನೆಯ ಸರದಿಗೂ ನಡುವೆ ಬೆಟ್ಟದ ಮೇಲೆ ಕಾಯುತ್ತ ನಿಂತಿದ್ದ ಹಿರಾನೊ ಅವರಿಗೆ ಅಂಥ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ.